ತಡೆಯಲಾಗದ ಮೂತ್ರಕ್ಕೆ ಕರೆಂಟ್ ಚಿಕಿತ್ಸೆ: ಪ್ಯಾಡೋ, ಸೂಜಿಯೋ, ಇಂಪ್ಲಾಂಟೋ?

ಕಾಲಿಗೆ ಅಂಟಿಸುವ ಪ್ಯಾಡ್, ಕಾಲಿಗೆ ಚುಚ್ಚುವ ಸೂಜಿ, ಬೆನ್ನಿನ ಬುಡದಲ್ಲಿ ಕೂರಿಸುವ ಇಂಪ್ಲಾಂಟ್: ಕೆಮ್ಮಿದಾಗ, ಸೀನಿದಾಗ ಮಾತ್ರ ಸೋರುವವರಿಗೆ ಈ ಮೂರೂ ಬೇಡ. ಇವು ದಿಢೀರನೆ ಒತ್ತಡ ಬಂದು ಟಾಯ್ಲೆಟ್ ಮುಟ್ಟುವಷ್ಟರಲ್ಲಿ ಬಟ್ಟೆ ಒದ್ದೆಯಾಗುವವರಿಗೆ. ಅದೂ ಸೋಂಕಿಲ್ಲವೆಂದು ಗೊತ್ತಾಗಿ, ಮಾತ್ರೆ ಸಾಲದೆ ಅಥವಾ ಒಗ್ಗದೆ ಹೋದಾಗ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಕಾಲಿನ ಎರಡು ವಿಧಾನಗಳಿಂದಲೂ ದೂರವಿರಬೇಕು.

ಪ್ಯಾಡ್ ಮತ್ತು ಸೂಜಿ ಎರಡರ ಗುರಿಯೂ ಕಾಲಿನ ಟಿಬಿಯಲ್ ನರ. ಅದರ ಬೇರುಗಳು ಬೆನ್ನಿನ ಬುಡದ ಎಸ್3 ಎಂಬ ನರದ ತನಕ ಇವೆ, ಮೂತ್ರಕೋಶದ ನರಗಳೂ ಅಲ್ಲಿಂದಲೇ ಹೊರಡುತ್ತವೆ. ಹಾಗಾಗಿ ಪಾದದ ಹತ್ತಿರ ಕೊಟ್ಟ ಕರೆಂಟಿಗೆ ಮೂತ್ರಕೋಶ ಶಾಂತವಾಗುತ್ತದೆ.

ಅಗ್ಗದ್ದು ಪ್ಯಾಡ್. ಚರ್ಮದ ಮೇಲಿಂದ ಕರೆಂಟ್ ಕೊಟ್ಟು ನೋವು ತಗ್ಗಿಸುವ ಮಾಮೂಲಿ ಟೆನ್ಸ್ ಮೆಷಿನ್ ಸಾಕು, ಆದರೆ ಹೆಚ್ಚಿನವರು ಎಡವುವುದೂ ಇಲ್ಲೇ. ನೋವಿಗೆಂದು ಅದರಲ್ಲಿ ಮೊದಲೇ ಇಟ್ಟಿರುವ 80–100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಮಿಡಿತ) ಇದಕ್ಕೆ ನಡೆಯದು. 10–20 ಹರ್ಟ್ಜ್‌ಗೆ, ಒಂದೊಂದು ಮಿಡಿತದ ಉದ್ದವನ್ನು 200 ಮೈಕ್ರೋಸೆಕೆಂಡಿಗೆ ಬದಲಿಸಬೇಕು. ಒಂದು ಪ್ಯಾಡ್ ಕಾಲಿನ ಒಳಗಂಟಿನ ಹಿಂದೆ, ಇನ್ನೊಂದು ಅದೇ ಗೆರೆಯಲ್ಲಿ 10 ಸೆಂ.ಮೀ. ಮೇಲೆ. ಎಣ್ಣೆ ಹಚ್ಚಿದ ಕಾಲನ್ನು ಸೋಪಿನಿಂದ ತೊಳೆದು ಒರೆಸದಿದ್ದರೆ ಪ್ಯಾಡ್ ಅಂಚು ಏಳುತ್ತದೆ, ಚುರುಚುರು ಎನ್ನುತ್ತದೆ. ಹೆಬ್ಬೆರಳು ಸಣ್ಣಗೆ ಮಡಚುವ ತನಕ ಕರೆಂಟ್ ಏರಿಸಿ, ಒಂದು ಚೂರು ಇಳಿಸಿ, 30 ನಿಮಿಷ ಬಿಡಿ. ಜುಮ್ಮೆನ್ನುವುದು ಪ್ಯಾಡಿನ ಕೆಳಗಷ್ಟೇ ಇದ್ದು ಅಂಗಾಲಿಗೆ ಹೋಗದಿದ್ದರೆ ನರ ಸಿಕ್ಕಿಲ್ಲ: ಪ್ಯಾಡನ್ನು ಅರ್ಧ ಬೆರಳು ಸರಿಸಿ. ಮೀನಖಂಡ ಅದುರಿದರೆ ಮೇಲಿನ ಪ್ಯಾಡ್ ಸ್ನಾಯುವಿನ ಮೇಲಿದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಚರ್ಮ ಸುಟ್ಟರೂ ತಿಳಿಯದು, ಅವರು ಒಬ್ಬರೇ ಮಾಡಬಾರದು.

ಸೂಜಿಯಲ್ಲಿ ಈ ಹುಡುಕಾಟ ಕಡಿಮೆ. ಒಳಗಂಟಿನಿಂದ ಮೂರು ಬೆರಳು ಮೇಲೆ, ಮೊಣಕಾಲ ಕೆಳಗಿನ ಎಲುಬಿನ ಅಂಚಿಗೆ ಒಂದು ಬೆರಳು ಹಿಂದೆ, 34 ಗೇಜಿನ ಕೂದಲೆಳೆಯಂಥ ಸೂಜಿಯನ್ನು 60 ಡಿಗ್ರಿ ಓರೆಯಲ್ಲಿ ಇಳಿಸುತ್ತಾರೆ. ಅದೇ ಪಾದದ ಒಳಬದಿಗೆ ಒಂದು ಪ್ಯಾಡ್. 20 ಹರ್ಟ್ಜ್‌ನಲ್ಲಿ ಕರೆಂಟ್ 9 ಮಿಲಿಆಂಪಿಯರ್ ಮುಟ್ಟುವುದರೊಳಗೆ ಬೆರಳು ಅಲ್ಲಾಡದಿದ್ದರೆ ಸೂಜಿ ಸರಿಪಡಿಸಬೇಕು, ಇಲ್ಲವೇ ಇನ್ನೊಂದು ಕಾಲು. ವಾರಕ್ಕೊಮ್ಮೆ 30 ನಿಮಿಷ, 12 ವಾರ. ಫಲ ಕಾಣುವುದು ಸಾಮಾನ್ಯವಾಗಿ ಆರು–ಎಂಟನೇ ಸಲದ ಹೊತ್ತಿಗೆ. ನಾಲ್ಕಕ್ಕೆ ಬಿಟ್ಟವರು ಬೇಗ ಬಿಟ್ಟರು ಅಷ್ಟೇ. ಗುಣ ಕಂಡ ಮೇಲೂ ಸುಮಾರು ತಿಂಗಳಿಗೊಂದು ಸಲ ಬೇಕೇ ಬೇಕು. ಆಸ್ಪತ್ರೆ ಮೂರು ತಾಸಿನ ಬಸ್ ದಾರಿಯಾದರೆ ಪ್ಯಾಡೇ ವಾಸಿ ಎನ್ನಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸೂಜಿಗೆ ಮುಂಚೆ ಹೇಳಬೇಕು.

ಇಂಪ್ಲಾಂಟ್ ಬೇರೆಯೇ ದರ್ಜೆಯದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಬೆನ್ನಿನ ಬುಡದ ಎಸ್3 ರಂಧ್ರದಲ್ಲಿ ತಂತಿ, ಪೃಷ್ಠದ ಚರ್ಮದಡಿ ಬ್ಯಾಟರಿ. ತಂತಿ ಸರಿ ಕೂತರೆ ಗುದದ್ವಾರ ಬಿಗಿಯುತ್ತದೆ, ಹೆಬ್ಬೆರಳು ಮಡಚುತ್ತದೆ. ಇಡೀ ಪಾದ ತಿರುಗಿದರೆ ತಂತಿ ಅದರ ಮೇಲಿನ ಎಸ್2ಕ್ಕೆ ಹೋಗಿದೆ. ಇದರ ದೊಡ್ಡ ಲಾಭವೆಂದರೆ ಮೊದಲೇ ಪರೀಕ್ಷಿಸಬಹುದು: ತಾತ್ಕಾಲಿಕ ತಂತಿ ಹಾಕಿ ಕೆಲವು ದಿನ ನೋಡಿ, ತೊಂದರೆ ಅರ್ಧಕ್ಕಿಳಿದರೆ ಮಾತ್ರ ಬ್ಯಾಟರಿ. ಮೂತ್ರದ ದಾರಿಯಲ್ಲಿ ಅಡ್ಡಿಯಿಲ್ಲದೆಯೂ ಮೂತ್ರ ಕಟ್ಟುವವರಿಗೆ ಈ ಮೂರರಲ್ಲಿ ಒಪ್ಪಿತವಾದದ್ದು ಇದೊಂದೇ. ಸೋಂಕು, ಬ್ಯಾಟರಿ ಜಾಗದ ನೋವು, ತಂತಿ ಸರಿಯುವುದು ಇದರ ಕಾಟ. ಮತ್ತೆ ಆಪರೇಷನ್ ಆಗಬಹುದು.

ಯಾವುದನ್ನು ಹಿಡಿದರೂ ಮೊದಲೇ ಮೂರು ದಿನದ ಮೂತ್ರದ ಡೈರಿ ಬರೆಯಿರಿ: ಗಂಟೆ, ಪ್ರಮಾಣ, ಅವಸರ, ಸೋರಿಕೆ. ‘ಪರವಾಗಿಲ್ಲ ಅನ್ನಿಸುತ್ತೆ’ ಎಂಬ ಲೆಕ್ಕ ಅರ್ಧ ಇಳಿದಿದೆಯೇ ಎಂಬುದಕ್ಕೆ ಉತ್ತರವಾಗದು. ಇಂಪ್ಲಾಂಟ್ ಆದರೆ ಎಂಆರ್‌ಐಗೆ ಹೊಂದುವ ಮಾದರಿಯೇ ಎಂದು ಸಹಿ ಹಾಕುವ ಮುನ್ನವೇ ಕೇಳಿ. ಹಳೆಯವುಗಳಲ್ಲಿ ಕೆಲವು ಹೊಂದುವುದಿಲ್ಲ.