ಲಿನಾಸ್ ಮೊದಲಾ, ಅಲೊನ್ಸೊ ಮೊದಲಾ?

ಅರ್ಜೆಂಟೀನಾದ ಸ್ವತಂತ್ರ ಸಿನಿಮಾ ನೋಡಬೇಕು ಅಂತ ಹೊರಟವರಿಗೆ ಇಬ್ಬರು ಸಿಗುತ್ತಾರೆ. ಮರಿಯಾನೊ ಲಿನಾಸ್ ಮತ್ತು ಲಿಸಾಂದ್ರೊ ಅಲೊನ್ಸೊ. ಇಬ್ಬರೂ ನಿರ್ದೇಶಕರು, ಇಬ್ಬರೂ ನಿರ್ಮಾಪಕರು. ಆದರೆ ದಾರಿ ಪೂರ್ತಿ ಬೇರೆ.

ಲಿನಾಸ್‌ಗೆ ಕತೆ ಹೇಳುವುದೆಂದರೆ ಪ್ರಾಣ. ಗೆಳೆಯರ ಜೊತೆ ಕಟ್ಟಿದ 'ಎಲ್ ಪಂಪೆರೊ ಸಿನೆ' ತಂಡ ಸರ್ಕಾರಿ ಸಿನಿಮಾ ಸಂಸ್ಥೆಯ ದುಡ್ಡಿಗೆ ಕಾಯದೆ ಕೆಲಸ ಮಾಡಿತು. ಅವಸರವೂ ಇರಲಿಲ್ಲ. 2018ರ 'ಲಾ ಫ್ಲೋರ್' ಮುಗಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಸಿನಿಮಾ ಹದಿಮೂರು ಗಂಟೆಗೂ ಜಾಸ್ತಿ! ಆರು ಕತೆ. ನಾಲ್ಕಕ್ಕೆ ಆರಂಭ ಮಾತ್ರ, ಕೊನೆ ಇಲ್ಲ. ಅದೇ ನಾಲ್ವರು ನಟಿಯರು ಕತೆಯಿಂದ ಕತೆಗೆ ಬೇರೆಯವರಾಗುತ್ತಾರೆ. ಅವರ ಮುಖಗಳ ಮೇಲೆ ವರ್ಷಗಳು ಸರಿಯುವುದನ್ನು ನೋಡುವುದೇ ಒಂದು ಸುಖ.

ಅಲೊನ್ಸೊ ಮಾತು ಕಡಿಮೆ. 2001ರ 'ಲಾ ಲಿಬೆರ್ತಾದ್'ನಲ್ಲಿ ಒಬ್ಬ ಮರ ಕಡಿಯುವವನ ಒಂದು ದಿನ, ಅಷ್ಟೇ. ಅವನು ನಿಜವಾಗಿಯೂ ಅದೇ ಕೆಲಸದವನು. ಒಂದೂಕಾಲು ಗಂಟೆಯೂ ಇಲ್ಲ.

ಒಂದೇ ಸಂಜೆ ಬಿಡುವಿದ್ದರೆ ಅಲೊನ್ಸೊ. ಆದರೆ ನನ್ನ ಮನಸ್ಸು ಲಿನಾಸ್ ಕಡೆಗೇ. ಅಷ್ಟು ಉದ್ದ ಭಯವಾದರೆ, ನಾಲ್ಕು ಗಂಟೆಯ 'ಇಸ್ತೋರಿಯಾಸ್ ಎಕ್ಸ್‌ತ್ರಾಒರ್ದಿನಾರಿಯಾಸ್'ನಿಂದ (2008) ಶುರು ಮಾಡಿ. ಎರಡು ರಾತ್ರಿ ಸಾಕು.