ಕೊಲ್ಹಾರ ಹಿನ್ನೀರಿನ ಹರಗೋಲು: ಹಕ್ಕಿ ನೋಡುವವರು ಯಾವಾಗ ಹೋಗಬೇಕು, ಯಾವಾಗ ಬೇಡ

ಹುಬ್ಬಳ್ಳಿ–ವಿಜಯಪುರ ರಸ್ತೆಯಲ್ಲಿ ಓಡಾಡುವವರಿಗೆ ಕೊರ್ತಿ–ಕೊಲ್ಹಾರ ಸೇತುವೆ ಗೊತ್ತೇ ಇರುತ್ತದೆ. ಬಾಗಲಕೋಟೆ ಜಿಲ್ಲೆ ಮುಗಿದು ವಿಜಯಪುರ ಜಿಲ್ಲೆ ಶುರುವಾಗುವ ಜಾಗ. ಬಸ್ಸಿನ ಕಿಟಕಿಯಿಂದ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಕಾಣುವ ಆ ನೀರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಅಲ್ಲಿ ಮೀನು ಹಿಡಿಯುವ ಕೆಲವರು, ಬೆಳಿಗ್ಗೆ ಬಲೆ ಎತ್ತಿದ ಮೇಲೆ ಕೇಳಿಕೊಂಡರೆ, ಹರಗೋಲಿನಲ್ಲಿ ಕೂರಿಸಿಕೊಂಡು ಹಕ್ಕಿ ತೋರಿಸಿ ಬರುತ್ತಾರೆ. ಬೋರ್ಡ್ ಇಲ್ಲ, ಟಿಕೆಟ್ ಇಲ್ಲ, ದಡದಲ್ಲಿ ಹೋಗಿ ಮಾತಾಡಿಸಬೇಕು ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಖಂಡಿತ ಹೋಗಿ. ಬೇಸಿಗೆಯಲ್ಲಿ ದಡದಲ್ಲೇ ನಿಂತು ನೋಡಿ. ಮಳೆಗಾಲದಲ್ಲಿ ಹರಗೋಲು ಬೇಡವೇ ಬೇಡ.

ಯಾಕೆಂದರೆ ಇಲ್ಲಿ ಎಲ್ಲವೂ ನೀರಿನ ಮಟ್ಟದ ಮೇಲೆ ನಿಂತಿದೆ. ಜಲಾಶಯದ ಪೂರ್ತಿ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಇಲ್ಲಿ ಮೋಡ ಇಲ್ಲದಿದ್ದರೂ ಕೃಷ್ಣೆ ಏರುತ್ತಾಳೆ, ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಡ್ಯಾಮ್ ತುಂಬಿರುತ್ತದೆ. ಆಗ ದಡದವರೆಗೂ ಆಳವಾದ ಕೆಂಪು ನೀರು. ಕೆಸರಿನಲ್ಲಿ ಕಾಲಿಟ್ಟು ಮೇಯುವ ಹಕ್ಕಿಗೆ ಅಲ್ಲಿ ಏನೂ ಕೆಲಸವಿಲ್ಲ. ನಾನು ಸೆಪ್ಟೆಂಬರಿನಲ್ಲಿ ಹೋಗಿ ವಿಚಾರಿಸಿದಾಗ ಹರಗೋಲಿನ ಕಾಕಾ ದುಡ್ಡು ಬಂದರೂ ಬೇಡ ಅಂದರು: "ಈಗ ಬಂದ್ರ ಬರೇ ನೀರ ನೋಡ್ತೀರಿ. ನೀರ ಇಳದ್ಮ್ಯಾಲ ಬರ್ರಿ." ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಆ ಮಾತಿನಿಂದ. ಬರುವ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ ಹೇಳಿ?

ಚಳಿ ಶುರುವಾದ ಮೇಲೆ ಕಾಲುವೆಗಳಿಗೆ ನೀರು ಹೋಗಿ ಮಟ್ಟ ನಿಧಾನವಾಗಿ ಇಳಿಯುತ್ತದೆ. ಮುಳುಗಿದ ಜಾಲಿ ಗಿಡಗಳ ಒಣ ತುದಿ ಮೇಲೆ ಬರುತ್ತದೆ, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂರುತ್ತವೆ. ಈ ಹೊತ್ತಿಗೆ ಪಟ್ಟೆತಲೆ ಹೆಬ್ಬಾತು ಬಂದಿರುತ್ತದೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಇದರ ರಕ್ತ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಅಷ್ಟು ಎತ್ತರದ ಹಾರಾಟ ಸಾಧ್ಯ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಬರುವುದು ಎಲ್ಲರಿಗೂ ಗೊತ್ತು, 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಹೆಸರೂ, ಸಿಕ್ಕಿತು. ನಮ್ಮ ಹಿನ್ನೀರಿಗೂ ಬರುತ್ತವೆ ಅಂತ ಇಲ್ಲಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ನನಗೆ ಬೇಜಾರಿನ ವಿಷಯ.

ಹರಗೋಲಿನ ಬೆಲೆ ಗೊತ್ತಾಗುವುದು ಹೆಬ್ಬಾತುಗಳ ಹತ್ತಿರ ಹೋದಾಗ. ಇಂಜಿನ್ ಇಲ್ಲ, ಸದ್ದಿಲ್ಲ. ಮೀನುಗಾರರು ದಿನಾ ಓಡಾಡುವುದರಿಂದ ಹಕ್ಕಿಗಳಿಗೆ ಆ ಗುಂಡನೆಯ ಆಕಾರದ ಅಭ್ಯಾಸ ಆಗಿದೆ. ಕಾಕಾ ಎಂದೂ ನೇರವಾಗಿ ಗುಂಪಿನ ಕಡೆ ಹುಟ್ಟು ಹಾಕುವುದಿಲ್ಲ, ಪಕ್ಕದಿಂದ ಸುತ್ತು ಹೊಡೆದು ಒಂದು ಕಡೆ ನಿಲ್ಲಿಸುತ್ತಾರೆ. ಒಂದೆರಡು ಹಕ್ಕಿ ಕತ್ತು ಎತ್ತಿದರೆ ಸಾಕು, ಹಿಂದೆ ಸರಿಯುತ್ತಾರೆ. ಮುಂದೆ ಹೋಗಿ ಅಂತ ಒತ್ತಾಯ ಮಾಡಬೇಡಿ. ಹಗಲೆಲ್ಲಾ ನೀರಿನಲ್ಲಿ ವಿಶ್ರಾಂತಿ ತೆಗೆದುಕೊಂಡು ಕತ್ತಲಾದ ಮೇಲೆ ಕಡಲೆ ಹೊಲಕ್ಕೆ ಮೇಯಲು ಹೋಗುವ ಹಕ್ಕಿಯನ್ನು ಹಗಲಲ್ಲೂ ಎಬ್ಬಿಸಿದರೆ ಅದು ಸುಧಾರಿಸಿಕೊಳ್ಳುವುದು ಯಾವಾಗ?

ತೊಂದರೆ ಒಂದಿದೆ. ಹರಗೋಲು ಸುಮ್ಮನೆ ನಿಲ್ಲುವುದಿಲ್ಲ, ಬುಗುರಿಯಂತೆ ಮೆಲ್ಲಗೆ ತಿರುಗುತ್ತಲೇ ಇರುತ್ತದೆ. 10 ಪಟ್ಟು ದೊಡ್ಡದು ಮಾಡುವ ದುರ್ಬೀನಿನಲ್ಲಿ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, 8x42, ಅಂದರೆ 8 ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಗಾಜಿನ ದುರ್ಬೀನು ತಂದರೆ ಕಣ್ಣಿಗೆ ಆರಾಮ. ಟ್ರೈಪಾಡ್ ಮನೆಯಲ್ಲೇ ಬಿಡಿ. ಒಂಬತ್ತು ಗಂಟೆ ದಾಟಿದ ಮೇಲೆ ಗಾಳಿ ಎದ್ದು ಅಲೆ ಜಾಸ್ತಿ ಆಗುತ್ತದೆ, ಆದ್ದರಿಂದ ಬೆಳಕು ಹರಿಯುವಾಗಲೇ ದಡದಲ್ಲಿರಿ.

ಜನವರಿ ಕಳೆದು ಕೆಸರು ಬಯಲಾದಂತೆ ಫ್ಲೆಮಿಂಗೊ, ಅಂದರೆ ರಾಜಹಂಸ, ಕಾಣಿಸುತ್ತದೆ. ಕೊಕ್ಕನ್ನು ತಲೆಕೆಳಗು ಮಾಡಿ ನೀರು ಸೋಸಿ ತಿನ್ನುತ್ತದೆ. ಗುಲಾಬಿ ಬಣ್ಣ ಬರುವುದು ತಿನ್ನುವ ಆಹಾರದಿಂದ, ಮರಿಗಳು ಬೂದು ಬಣ್ಣದಲ್ಲೇ ಇರುತ್ತವೆ. ಇವುಗಳನ್ನು ನೋಡಲು ಹರಗೋಲು ಬೇಕಾಗಿಲ್ಲ, ತೆಳು ನೀರಿನಲ್ಲಿ ಅದು ಹೋಗುವುದೂ ಕಷ್ಟ. ದಡದಲ್ಲಿ ಕೂತು ನೋಡಿ, ಹತ್ತು ರೂಪಾಯಿಯೂ ಖರ್ಚಾಗುವುದಿಲ್ಲ.

ಮಾರ್ಚ್ ಬಂದರೆ ನನ್ನ ಮಾತು ಖಡಕ್ಕಾಗಿರುತ್ತದೆ. ನೀರು ಇಳಿದಾಗ ನಡುವೆ ಮಣ್ಣಿನ ದಿಬ್ಬಗಳು ಏಳುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿಯ ನದಿ ರೀವ (ರಿವರ್ ಟರ್ನ್) ಎಂಬ ಹಕ್ಕಿ ಅಂಥ ದಿಬ್ಬಗಳ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಮಣ್ಣಿನದೇ ಬಣ್ಣ, ಕಾಲಡಿ ಬಂದರೂ ತಿಳಿಯುವುದಿಲ್ಲ. ಮನುಷ್ಯರು ಇಳಿದರೆ ತಾಯಿ ಹಾರಿಹೋಗುತ್ತದೆ, ನಮ್ಮ ಬಿಸಿಲಿಗೆ ಮೊಟ್ಟೆ ಅಲ್ಲೇ ಬೆಂದುಹೋಗುತ್ತದೆ. ಒಂದು ಫೋಟೋಗ್ರಾಫರ್ ಗುಂಪು ಹೆಚ್ಚು ದುಡ್ಡು ಕೊಟ್ಟು ದಿಬ್ಬಕ್ಕೆ ಇಳಿದಿದ್ದನ್ನು ದಡದಿಂದ ನೋಡಿದೆ. ಮೇಲೆ ಹಕ್ಕಿಗಳು ಕಿರುಚುತ್ತಾ ಸುತ್ತುತ್ತಿದ್ದವು, ಕೆಳಗೆ ಇವರು ಆರಾಮಾಗಿ ಕೂತಿದ್ದರು. ಕರೆದುಕೊಂಡು ಹೋದವರು ಬೇರೆ ಯಾರೋ, ನಮ್ಮ ಕಾಕಾ ಅಲ್ಲ. ಎಲ್ಲರೂ ಒಂದೇ ತರಹ ಇರುವುದಿಲ್ಲ, ಕೇಳಿ ನೋಡಿಕೊಂಡು ಹತ್ತಿ.

ದುಡ್ಡಿನ ವಿಷಯ: ನಮ್ಮಿಂದ ಮೂವರಿಗೆ ಸೇರಿ 600 ರೂಪಾಯಿ ತೆಗೆದುಕೊಂಡರು, ಎರಡು ಗಂಟೆಗೆ. ಚೌಕಾಸಿ ಮಾಡಬೇಡಿ. ಕಾಕಾ ಹುಟ್ಟು ಹಾಕುತ್ತಾ ಇಲ್ಲಿ ನಮ್ಮ ಹೊಲ ಇತ್ತು, ಅಲ್ಲಿ ಬಾವಿ ಇತ್ತು ಅಂತ ನೀರಿನ ಕಡೆ ಕೈ ತೋರಿಸುತ್ತಾರೆ. ಹೊಲ ಮುಳುಗಿದ ಮೇಲೆ ಬಲೆ ಹಿಡಿದ ಮನುಷ್ಯ, ಆ ದುಡ್ಡು ಅವರಿಗೆ ಸಲ್ಲಬೇಕು. ವಾಪಸ್ ಬರುವಾಗ ಕೊಲ್ಹಾರದಲ್ಲಿ ಗಡಿಗೆ ಮೊಸರು ಸಿಗುತ್ತದೆ, ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದರೆ ಬೆಳಗಿನ ಊಟ ಅಲ್ಲೇ ಆಯಿತು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಲೈಫ್ ಜಾಕೆಟ್‌ಗೆ. ಅವರ ಹತ್ತಿರ ಒಂದೂ ಇಲ್ಲ, ನೀರು ಆಳವಿದೆ, ಕೃಷ್ಣೆಯಲ್ಲಿ ಮೊಸಳೆಯೂ ಇದೆ. ಜಾಕೆಟ್ ನೀವೇ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಕಾಕಾಗೂ ಒಂದು ಕೊಟ್ಟು ಬನ್ನಿ. ಈಜು ಬಾರದ ಮಕ್ಕಳನ್ನು ದಡದಲ್ಲೇ ಬಿಟ್ಟು, ಜೊತೆಗೆ ದೊಡ್ಡವರೊಬ್ಬರು ಇರಲಿ.