ಮೂಲವ್ಯಾಧಿಗೆ ರಬ್ಬರ್ ಬ್ಯಾಂಡೋ, ಶಸ್ತ್ರಚಿಕಿತ್ಸೆಯೋ?

ಗುದನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಅದರ ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾದ ಒಂದು ಗೆರೆಯಿದೆ, ಅದೇ ದಂತರೇಖೆ. ನಿಮ್ಮ ಆಯ್ಕೆ ನಿಂತಿರುವುದು ಈ ಗೆರೆಯ ಮೇಲೆಯೇ. ಗೆರೆಯಿಂದ ಮೇಲಿನ ಒಳಪದರಕ್ಕೆ ಸೂಜಿ ಚುಚ್ಚಿದರೂ ನೋವು ತಿಳಿಯದು. ಕೆಳಗಿನ ಭಾಗ ಚರ್ಮದಂತೆಯೇ ಬಹಳ ಸೂಕ್ಷ್ಮ.

ಹಾಗಾಗಿಯೇ ಒಳಮೂಲವ್ಯಾಧಿಯ ಬುಡಕ್ಕೆ, ಗೆರೆಗಿಂತ ಮೇಲೆ, ಪುಟ್ಟ ರಬ್ಬರ್ ಬ್ಯಾಂಡ್ ಬಿಗಿಯಲು ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ರಕ್ತಸಂಚಾರ ನಿಂತು ಗಂಟು ಕೆಲವು ದಿನಗಳಲ್ಲಿ ಒಣಗಿ ಉದುರುತ್ತದೆ. ಒಂದೆರಡು ದಿನ ಭಾರವೆನಿಸಬಹುದು. ಆದರೆ ಬ್ಯಾಂಡ್ ತುಸು ಕೆಳಗೆ ಬಿತ್ತೋ, ನೋವು ತಡೆಯಲಾಗದು. ತಕ್ಷಣ ಹೇಳಿಬಿಡಿ, ತೆಗೆಯುತ್ತಾರೆ. ಮರುಕಳಿಸುವ ಸಾಧ್ಯತೆಯೂ ಇದರಲ್ಲೇ ಹೆಚ್ಚು.

ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನೇ ಕತ್ತರಿಸಿ ತೆಗೆಯುತ್ತಾರೆ. ಗಾಯ ಗೆರೆಯ ಕೆಳಗೂ ಚಾಚುವುದರಿಂದ ಎರಡು ಮೂರು ವಾರ ಶೌಚಕ್ಕೆ ಹೋಗುವುದೇ ಯಾತನೆ. ಸದಾ ಹೊರಗೇ ಉಳಿಯುವ 4ನೇ ಹಂತದ ಗಂಟಿಗೆ, ಅಥವಾ ದೊಡ್ಡ ಹೊರಮೂಲವ್ಯಾಧಿಯೂ ಸೇರಿಕೊಂಡಿದ್ದರೆ, ಇದೇ ಸರಿ. ಉಳಿದಂತೆ, ಆಹಾರ ಮತ್ತು ಔಷಧಕ್ಕೆ ಬಗ್ಗದ 2ನೇ ಹಂತದವರು (ಶೌಚದ ವೇಳೆ ಹೊರಬಂದು ತಾನಾಗಿಯೇ ಒಳಹೋಗುವ ಗಂಟು) ಮೊದಲು ಬ್ಯಾಂಡನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ. 3ನೇ ಹಂತದವರೂ (ಕೈಯಿಂದ ಒಳತಳ್ಳಬೇಕಾದ ಗಂಟು) ಅದು ಆಗುತ್ತದೆಯೇ ಎಂದು ಕೇಳಿ ನೋಡಲಿ.

ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ನಾಚಿಕೊಂಡು ತಪಾಸಣೆ ಮುಂದೂಡಬೇಡಿ: ರಕ್ತ ಕಂಡಾಗಲೆಲ್ಲ ಅದು ಮೂಲವ್ಯಾಧಿಯೇ ಆಗಿರಬೇಕೆಂದಿಲ್ಲ.